ಗಾದಿಲಿಂಗಪ್ಪನ ಸೊಂಟ, ಕೊಟ್ಟೂರ ದಾರಿ

ಬ್ಲಾಕ್ ಆಫೀಸಿನ ಸಭೆಯಲ್ಲಿ ಎಲ್ಲರೂ ಕೂತಿದ್ದಾಗ ಟೈಪಿಸ್ಟ್ ಗಾದಿಲಿಂಗಪ್ಪ ಒಬ್ಬನೇ ನಿಂತಿದ್ದ. ಆದದ್ದು ಇಷ್ಟೇ. ಮುಂದಿನ ಪಡಿಪಾಟಲೆಲ್ಲ ಇದರಿಂದಲೇ ಹುಟ್ಟಿತು.

ಅವನು ನಿಂತದ್ದು ಮರ್ಯಾದೆಗಲ್ಲ; ಉತ್ಸಾಹಕ್ಕಂತೂ ಅಲ್ಲವೇ ಅಲ್ಲ. ಎರಡು ವರ್ಷದಿಂದ ಅವನ ಸೊಂಟದಲ್ಲಿ ಒಂದು ನೋವು ಮನೆ ಮಾಡಿಕೊಂಡಿತ್ತು. ಬಾಡಿಗೆಗೆ ಬಂದದ್ದು ಈಗ ಮಾಲೀಕನ ಗತ್ತು ತೋರಿಸುತ್ತಿತ್ತು. ಸ್ವಲ್ಪ ಹೊತ್ತು ಕೂತರೆ ಏಳು ಅನ್ನುತ್ತಿತ್ತು, ಸ್ವಲ್ಪ ಹೊತ್ತು ನಿಂತರೆ ಕೂರು ಅನ್ನುತ್ತಿತ್ತು. ಸಾಹೇಬರ ಭಾಷಣ ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಅದು ಅವನನ್ನು ಎಬ್ಬಿಸಿ ಗೋಡೆಗೆ ಒರಗಿಸಿಬಿಟ್ಟಿತ್ತು.

ಅದು ಸಾವಿರದ ಒಂಬೈನೂರ ಎಂಬತ್ತೊಂದು, ಅಂಗವಿಕಲರ ವರ್ಷ. ಪ್ರತಿ ತಾಲ್ಲೂಕಿನಲ್ಲೂ ಏನಾದರೊಂದು ಕಾರ್ಯಕ್ರಮ ಆಗಲೇಬೇಕೆಂದು ಬಳ್ಳಾರಿಯಿಂದ ಆದೇಶ ಬಂದಿತ್ತು.

"ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ ನಮ್ಮ ಆಫೀಸಿನವರೊಬ್ಬರು ಸೈಕಲ್ ಮೇಲೆ ಹೋಗಬೇಕು," ಎಂದರು ಸಾಹೇಬರು. "ದಾರಿಯ ಊರುಗಳಲ್ಲಿ ನಿಂತು ಜನರಿಗೆ ತಿಳಿವಳಿಕೆ ಕೊಡಬೇಕು. ಆಸ್ಪತ್ರೆಗೆ ನೋವಿಗೆ ಶಾಖ ಕೊಡುವ ದೀಪ ತರಿಸೋದಕ್ಕೆ ಡಬ್ಬಿ ಹಿಡೀಬೇಕು. ಯಾರು ಸಿದ್ಧರಿದ್ದೀರೋ ಅವರು ಎದ್ದು ನಿಲ್ಲಿ."

ಇಡೀ ಆಫೀಸು ನೆಲದ ಕಡಪಾ ಕಲ್ಲನ್ನು ಮೊದಲ ಸಲ ಕಂಡವರ ಹಾಗೆ ನೋಡತೊಡಗಿತು. ಸಾಹೇಬರು ಹಾಳೆಯಿಂದ ತಲೆಯೆತ್ತಿದರು. ಒಬ್ಬ ನಿಂತಿದ್ದ.

"ಶಾಭಾಸ್ ಗಾದಿಲಿಂಗಪ್ಪ!"

"ಸಾರ್, ನಾ ಅದಕ್ಕ ನಿಂತಿಲ್ರಿ. ನನ್ನ ಸೊಂಟ..."

ಮುಂದಿನ ಮಾತು ಚಪ್ಪಾಳೆಯಲ್ಲಿ ಮುಳುಗಿತು. ಹೆಡ್ ಕ್ಲಾರ್ಕ್ ಪಾಲಾಕ್ಷಪ್ಪನವರು ಶುರು ಮಾಡಿದ ಚಪ್ಪಾಳೆ ಅದು. ಕೂತವರೆಲ್ಲ ತಾವು ಕೂತೇ ಇದ್ದೇವೆಂಬ ಸಂತೋಷಕ್ಕೆ ಅಂಗೈ ಕೆಂಪಾಗುವಂತೆ ತಟ್ಟಿದರು.

ಸಭೆಗೆ ಬಂದಿದ್ದ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಆಕೆ ಎದ್ದು ಹೇಳಿದರು: "ಸಾರ್, ಇವರ ಸೊಂಟ ನನಗೆ ಗೊತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲ್ಲ, ಆದರೂ ನೋವಿದೆ. ಕೆಲವು ನೋವು ಪೂರ್ತಿ ಹೋಗೋದೇ ಇಲ್ಲ, ಅದನ್ನ ಇಟ್ಟುಕೊಂಡೇ ಬದುಕಬೇಕು. ಕಾಲಿಲ್ಲದವರನ್ನ ಕಂಡರೆ ಜನ ಅಯ್ಯೋ ಅಂತಾರೆ. ಇಂಥವರನ್ನ ಕಂಡರೆ ಮೈಗಳ್ಳ ಅಂತಾರೆ. ಆ ವಿಷಯ ಹೇಳೋಕೆ ಇವರೇ ಹೋಗಲಿ. ನಿಧಾನವಾಗಿ ತುಳಿದು, ಅಲ್ಲಲ್ಲಿ ಇಳಿದು ಹೋದರೆ ಸೈಕಲ್ಲು ಇವರಿಗೆ ಒಳ್ಳೇದೇ."

ಗಾದಿಲಿಂಗಪ್ಪ ಬಾಯಿ ಮುಚ್ಚಿದ. ಸಾಹೇಬರ ಭಯಕ್ಕಲ್ಲ. 'ಆದರೂ ನೋವಿದೆ' ಎಂದು ಇಷ್ಟು ಜನರ ಎದುರು ಒಬ್ಬರು ಹೇಳಿದ್ದು ಅದೇ ಮೊದಲು. ಆ ಮಾತು ಅವ್ವನ ಕಿವಿಗೆ ಬಿದ್ದಿದ್ದರೆ ಎನಿಸಿತು ಅವನಿಗೆ.

ಅವ್ವ ಉಚ್ಚಂಗೆಮ್ಮ, ಕೊಟ್ಟೂರಿನ ಇದೇ ರಸ್ತೆಗೆ ಬುಟ್ಟಿಯಲ್ಲಿ ಜಲ್ಲಿ ಹೊತ್ತವಳು. ಗಂಡ ಸತ್ತ ಮೇಲೆ ಒಬ್ಬಳೇ ಹೊತ್ತು ಮಗನನ್ನು ಎಸ್ಸೆಸ್ಸೆಲ್ಸಿ ದಾಟಿಸಿದಳು, ಟೈಪಿಂಗ್ ಕಲಿಸಿದಳು. ಅವರ ಕೇರಿಯಿಂದ ಸರ್ಕಾರಿ ಕುರ್ಚಿಯ ಮೇಲೆ ಕೂತ ಮೊದಲಿಗ ಅವನು. ಆ ಕುರ್ಚಿಯಿಂದಲೇ ಮಗನಿಗೆ ನೋವು ಬಂತೆಂದರೆ ಅವಳು ಹೇಗೆ ನಂಬಬೇಕು?

"ಫ್ಯಾನಿನ ಬುಡಕ್ಕ ಕುಂತು ಟಕ್ಕು ಟಕ್ಕು ಅನ್ನಾಂವಗ ನಡ ಎಲ್ಲಿಂದ ನೋಯ್ತತಿ?" ಎನ್ನುತ್ತಿದ್ದಳು. "ನಾ ಗುಡ್ಡದಷ್ಟು ಕಲ್ಲು ಹೊತ್ತೀನಿ, ಒಂದಿನಾನೂ ಯವ್ವಾ ಅಂದಿಲ್ಲ." ಸೊಸೆ ಜಂಬಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಗಂಡನ ಸೊಂಟಕ್ಕೆ ಕಾವು ಕೊಟ್ಟರೆ, "ಹ್ಞೂಂ, ಕಾಸು. ಹಪ್ಪಳ ಕಾಸಿದಂಗ ಕಾಸು ನನ್ನ ಮಗನ್ನ. ಹಿಂಗ ಮೆತ್ತಗ ಮಾಡಿಟ್ಟೀದಿ," ಎಂದು ಅವಳ ಮೇಲೂ ಹರಿಹಾಯುತ್ತಿದ್ದಳು.

ಗಾದಿಲಿಂಗಪ್ಪನಿಗೆ ನೋವು ಹೋಗುವ ಆಸೆ ಹೊರಟುಹೋಗಿತ್ತು. ಉಳಿದಿದ್ದ ಆಸೆ ಒಂದೇ. 'ಹೌದಪ್ಪ, ನಿನಗ ನೋವೈತಿ' ಎಂದು ಅವ್ವ ಒಂದು ಸಲ ಅನ್ನಬೇಕು. ಅವಳು ಜಲ್ಲಿ ಹೊತ್ತ ರಸ್ತೆಯ ಉದ್ದಕ್ಕೂ ಡಾಕ್ಟರಮ್ಮನ ಮಾತನ್ನು ಊರೂರಿಗೆ ಸಾರಿ ಬಂದರೆ, ನಾಲ್ಕು ಜನ ತಲೆದೂಗಿದರೆ, ಆ ಸುದ್ದಿ ಬಸ್ಸಿನಲ್ಲಿ ಕೂಡ್ಲಿಗಿಗೆ ಬಂದರೆ, ಅವ್ವ ಅಂದರೂ ಅನ್ನಬಹುದು.

ಹೊರಡುವ ದಿನ ಬೆಳಿಗ್ಗೆ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ನಡ ನೋವು ಅಂತ ಒಂದು ಕೊಡ ನೀರು ಎತ್ತಂಗಿಲ್ಲ, ಕೊಟ್ಟೂರಿಗೆ ಸೈಕಲ್ ಹೊಡೀತಿ. ಯಾರ ಕಿವ್ಯಾಗ ಹೂವಿಡ್ತಿಯೋ ಗಾದಿ?"

"ಬ್ಯಾನಿ ಇದ್ದಾರು ಸುಮ್ನ ಮೂಲ್ಯಾಗ ಕುಂದರಬಾರದು ಅಂತ ಡಾಕ್ಟರು ಹೇಳ್ಯಾರ ಯವ್ವಾ."

"ಹಂಗಾದ್ರ ನೀರು ತಾ."

ಗಾದಿಲಿಂಗಪ್ಪ ರೊಟ್ಟಿಯನ್ನೂ ತಿನ್ನದೆ ಸೈಕಲ್ ಹತ್ತಿದ.

ಅವನ ಕೊರಳಲ್ಲಿ ಒಂದು ರಟ್ಟಿನ ಬೋರ್ಡು: 'ಕಾಣದ ನೋವೂ ನೋವೇ.' ಹ್ಯಾಂಡಲ್ಲಿಗೆ ಡಬ್ಬಿ. ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಜವಾನ ಹುಲುಗಣ್ಣ. ಅವನ ಕ್ಯಾರಿಯರಿನ ಮೇಲೆ ಪಾಲಾಕ್ಷಪ್ಪನವರು, ಕೈಯಲ್ಲಿ ತಗಡಿನ ಭೋಂಗಾ ಹಿಡಿದು, ಗಾಡಿಯಲ್ಲಿ ಹೇರಿದ ಹತ್ತಿಯ ಅಂಡಿಗೆಯ ಹಾಗೆ ಎರಡೂ ಕಡೆ ತುಳುಕುತ್ತ ಕೂತಿದ್ದರು. ಕಾರ್ಯಕ್ರಮದ ಉಸ್ತುವಾರಿ ತಮ್ಮದೆಂದು ಅವರೇ ಘೋಷಿಸಿಕೊಂಡಿದ್ದರು.

ಮೊದಲು ನಿಂತದ್ದು ಊರು ದಾಟಿದ ಮೇಲೆ ಸಿಗುವ ಸುಂಕಪ್ಪನ ಚಹಾ ಅಂಗಡಿಯಲ್ಲಿ. ಪಾಲಾಕ್ಷಪ್ಪನವರು ಭೋಂಗಾ ಎತ್ತಿ, "ಮಹಾಜನರೇ! ಇಲ್ಲಿ ನಿಂತಿರೋ ಈ ಮನಶಾಗ ಬಿಡದ ನೋವೈತಿ!" ಎಂದು ಕೂಗಿದರು.

ಸುಂಕಪ್ಪ ಚಹಾ ಸೋಸುತ್ತಲೇ ಗಾದಿಲಿಂಗಪ್ಪನನ್ನು ಮೇಲಿಂದ ಕೆಳಗೆ ನೋಡಿದ. "ಸೈಕಲ್ ಹೊಡಕೊಂತ ಬಂದಾನ. ನೋವು ಎಲ್ಲೈತಿ?"

"ಒಳಗೈತ್ರಿ," ಎಂದ ಗಾದಿಲಿಂಗಪ್ಪ.

"ಎಲ್ಲಿ, ತೋರಿಸು."

"ತೋರಿಸಾಕ ಬರಂಗಿಲ್ರಿ."

"ಕಾಣದಿದ್ದುದನ್ನ ಐತಿ ಅಂದ್ರ ಹೆಂಗ ನಂಬಬೇಕಪ್ಪ? ಈ ಚಾದಾಗ ಹಾಲೈತಿ, ಆದ್ರ ಕಾಣಂಗಿಲ್ಲ ಅಂದ್ರ ನೀ ಕುಡೀತಿಯೇನು?"

"ನಾವು ದಿನಾ ಅದನ್ನಾ ಕುಡಿಯಾಕತ್ತೀವಲ್ಲೋ ಸುಂಕಪ್ಪಾ!" ಎಂದ ಬೆಂಚಿನ ಮೇಲಿದ್ದ ಗಿರಾಕಿ.

ಅಂಗಡಿಯೆಲ್ಲ ನಕ್ಕಿತು. ನಗುವಿನಲ್ಲಿ ನೋವಿನ ವಿಷಯ ಕೊಚ್ಚಿಕೊಂಡು ಹೋಯಿತು. ಡಬ್ಬಿಗೆ ಏನೂ ಬೀಳಲಿಲ್ಲ.

ಮುಂದೆ ರಸ್ತೆಗೆ ಬಂದ ಮೇಲೆ ಪಾಲಾಕ್ಷಪ್ಪನವರು ಕ್ಯಾರಿಯರಿನಿಂದಲೇ ವಿಮರ್ಶೆ ಶುರು ಮಾಡಿದರು. "ತಪ್ಪು ನಿಮ್ಮದಾ ಗಾದಿಲಿಂಗಪ್ಪ. ಮದುಮಗ ಕುದುರಿ ಮ್ಯಾಲ ಕುಂತಂಗ ಸೆಟದು ಕುಂದರ್ತೀರಿ. ಯಾರು ನಂಬತಾರ? ಸ್ವಲ್ಪ ಸೊಟ್ಟ ಆಗ್ರಿ. ನರಳ್ರಿ."

ಗಾದಿಲಿಂಗಪ್ಪನಿಗೆ ನರಳುವುದು ಗೊತ್ತಿರಲಿಲ್ಲ. ಆಫೀಸಿನಲ್ಲಿ ಸಾಹೇಬರಿಗೆ ತಿಳಿಯಬಾರದು, ಮನೆಯಲ್ಲಿ ಅವ್ವ ಹಂಗಿಸಬಾರದು ಎಂದು ಎರಡು ವರ್ಷ ನೋವನ್ನು ಮುಖಕ್ಕೆ ಬಾರದಂತೆ ತಡೆದು ತಡೆದು ಅವನ ಮುಖ ಆ ವಿದ್ಯೆಯನ್ನೇ ಮರೆತಿತ್ತು. ಆದರೂ ಪ್ರಯತ್ನಿಸಿದ. ಎಣ್ಣೆ ಕಾಣದ ತಿಜೋರಿಯ ಬಾಗಿಲು ತೆರೆದಂಥ ಸದ್ದು ಬಂತು.

"ಅದಲ್ರೀ ಯಪ್ಪಾ, ಹಿಂಗ," ಎಂದು ಹುಲುಗಣ್ಣ ಪೆಡಲು ತುಳಿಯುತ್ತಲೇ ಒಮ್ಮೆ ನರಳಿ ತೋರಿಸಿದ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಹುಲುಗಣ್ಣ ಬಯಲಾಟದಲ್ಲಿ ಹೆಣ್ಣು ಪಾತ್ರ ಕಟ್ಟುತ್ತಿದ್ದವನು. ಜನ್ಮದಲ್ಲಿ ಅವನಿಗೆ ಹಲ್ಲುನೋವು ಕೂಡ ಬಂದಿರಲಿಲ್ಲ.

ಎರಡನೆಯ ಊರಿನಲ್ಲಿ ಪಾಲಾಕ್ಷಪ್ಪನವರು ಪಾತ್ರ ಬದಲಿಸಿಬಿಟ್ಟರು. ಬೋರ್ಡು ಹುಲುಗಣ್ಣನ ಕೊರಳಿಗೆ ಬಂತು. ಅವನು ಸೈಕಲ್ಲಿನಿಂದ ಇಳಿದದ್ದೇ ಒಂದು ಕಲೆ: ಒಂದು ಕೈ ಸೊಂಟಕ್ಕೆ, ಒಂದು ಕೈ ಆಕಾಶಕ್ಕೆ, ಬಾಯಲ್ಲಿ "ಯಪ್ಪೋ ಶಿವನೇ, ಯಾರಿಗೆ ಹೇಳಲಿ!" ಊರಿನ ಹೆಂಗಸರು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬಂದರು. ಹರಳೆಣ್ಣೆ ಬಂತು, ಬೇವಿನೆಣ್ಣೆ ಬಂತು, ಲಕ್ಕಿ ಸೊಪ್ಪು ಬಂತು, ಎಕ್ಕದ ಎಲೆ ಬಂತು. ಕಾಯಿಸಿ ಇಟ್ಟುಕೊಳ್ಳಲಿಕ್ಕೆಂದು ಒಬ್ಬಳು ಇಟ್ಟಂಗಿಯನ್ನೇ ತಂದಳು. ಹುಲುಗಣ್ಣ ಕಟ್ಟೆಯ ಮೇಲೆ ಬೋರಲಾಗಿ ಮಲಗಿ ಎಣ್ಣೆ ತಿಕ್ಕಿಸಿಕೊಂಡ; ನಡುವೆ ಒಂದು ತಟ್ಟೆ ಮಂಡಕ್ಕಿ ತಿಂದ.

ಎರಡೂ ಸೈಕಲ್ ಹಿಡಿದು ನಿಂತಿದ್ದ ಗಾದಿಲಿಂಗಪ್ಪನಿಗೆ ಸೊಂಟದಿಂದ ಕಾಲಿನವರೆಗೆ ಚಳುಕು ಹರಿಯುತ್ತಿತ್ತು. ಒಬ್ಬ ಮುದುಕಿ ಅವನ ಮುಂದೆ ಬಂದು ನಿಂತು ಗದರಿದಳು: "ಅಲ್ಲೋ, ಬ್ಯಾನಿ ಇದ್ದಾಂವನ ಕೈಲೆ ಡಬಲ್ ತುಳಿಸ್ಕೊಂತ ಬಂದೀರಿ. ನೀ ಗುಂಡುಕಲ್ಲಿನಂಗ ಅದೀದಿ. ತುಳಿಯಾಕ ಏನಾಗೈತಿ ನಿನಗ?"

"ನನಗಾ ನೋವು ಇರೋದು ಯಮ್ಮಾ."

"ಹೌದೌದು. ಅವನ ನೋಡಿ ನಿನಗೂ ಶುರುವಾತು!"

ಡಬ್ಬಿಗಿಂತ ಔಷಧಿಯೇ ಹೆಚ್ಚು ಬಿದ್ದಿತ್ತು. ಪಾಲಾಕ್ಷಪ್ಪನವರು ಕೂತ ಸೈಕಲ್ಲಿನಲ್ಲಿ ಜಾಗವಿಲ್ಲ. ಎಣ್ಣೆಯ ಶೀಶೆಗಳು, ಸೊಪ್ಪು, ಇಟ್ಟಂಗಿ ಎಲ್ಲ ಗಾದಿಲಿಂಗಪ್ಪನ ಕ್ಯಾರಿಯರಿಗೆ ಹತ್ತಿದವು. ನೋವಿಗೆ ಬಂದ ಮದ್ದನ್ನೆಲ್ಲ ನೋವೇ ಹೊತ್ತುಕೊಂಡು ಹೊರಟಂತಾಯಿತು.

ಹುಣಸೇಕಟ್ಟೆಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಹೊಟ್ಟೆ ಖಾಲಿ, ಕ್ಯಾರಿಯರ್ ಭಾರ. ಊರ ಮುಂದಿನ ದೊಡ್ಡ ಹುಣಸೆಮರದ ಕೆಳಗೆ ಇಳಿಯಲೆಂದು ಗಾದಿಲಿಂಗಪ್ಪ ಕಾಲೆತ್ತಿದ. ಸೊಂಟದಲ್ಲಿ ಯಾರೋ ಬೀಗ ಹಾಕಿ ಕೀಲಿಕೈ ತೆಗೆದುಕೊಂಡು ಹೋದಂತಾಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮರದ ಮೇಲಿನ ಹುಣಸೆಕಾಯಿಗಳ ಹಾಗೆಯೇ ಬಾಗಿ ನಿಂತುಬಿಟ್ಟ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಬಾಯಿಂದ ಒಂದು ಸದ್ದೂ ಬರಲಿಲ್ಲ.

ಪಾಲಾಕ್ಷಪ್ಪನವರ ಮುಖ ಅರಳಿತು. "ಹ್ಞಾಂ! ಈಗ ಬಂತು ನೋಡ್ರಿ! ಭೇಷ್! ಬಿಡಬ್ಯಾಡ್ರಿ, ಹಂಗಾ ಇರ್ರಿ, ಮಂದಿ ಸೇರಲಿ!"

ಮಂದಿ ಸೇರಿದರು. ಮರದ ಎದುರಿನ ಮನೆಯಿಂದ ಊರ ಗೌಡರು ತಾವೂ ಸೊಂಟ ಹಿಡಿದುಕೊಂಡೇ ಬಂದರು. ಅವರಿಗೆ ನೋಡಿದ ಕೂಡಲೇ ತಿಳಿಯಿತು.

"ಇದು ನಾಟಕಲ್ಲಲೇ, ನಡ ಹಿಡದೈತಿ. ಮಲಗಿಸ್ರಿ ಮೊದಲು. ಇದಕ್ಕ ಎಣ್ಣಿ ಪಣ್ಣಿ ನಡಿಯಂಗಿಲ್ಲ. ಕಾಲು ಮುಂದ ಮಾಡಿ ಹುಟ್ಟಿದಾಂವ ಎಡಗಾಲಿಲೆ ಒದಿಬೇಕು."

ಇದು ಆ ಸೀಮೆಯಲ್ಲಿ ಎಲ್ಲರೂ ಬಲ್ಲ ಮದ್ದು. ತಲೆ ಮುಂದಾಗಿ ಹುಟ್ಟುವವರು ಊರ ತುಂಬ ಇರುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಸಿಗುವುದು ಅಪರೂಪ. ಅಂಥವರು ಹಿಡಿದುಕೊಂಡ ಸೊಂಟಕ್ಕೆ ಒದ್ದರೆ ಬಿಡುತ್ತದೆ ಎಂದು ನಂಬಿಕೆ.

"ಗಾಳೆಪ್ಪನ್ನ ಕರೀರಿ," ಎಂದರು ಯಾರೋ.

"ಗಾಳೆಪ್ಪ ಕುರಿ ಹೊಡಕೊಂಡು ಹಡಗಲಿ ಕಡೆ ಹೋಗ್ಯಾನ. ಅವನು ಹೋದಾಗಿಂದ ನನ್ನ ನಡಾನೂ ಹಿಂಗಾ ಐತಿ," ಎಂದು ಗೌಡರು ನಿಟ್ಟುಸಿರಿಟ್ಟರು. "ಸುತ್ತ ಊರಾಗ ಇನ್ನೊಬ್ಬ ಇಲ್ಲ."

ಗಾದಿಲಿಂಗಪ್ಪನನ್ನು ಮಡಿಸಿದ ಕುರ್ಚಿಯ ಹಾಗೆ ಎತ್ತಿ ಕಟ್ಟೆಯ ಮೇಲೆ ಮಲಗಿಸುತ್ತಿದ್ದಾಗಲೇ ಕೂಡ್ಲಿಗಿಯ ಬಸ್ಸು ಬಂದು ನಿಂತಿತು. ಅದರಿಂದ ರೊಟ್ಟಿಯ ಗಂಟು ಹಿಡಿದು ಉಚ್ಚಂಗೆಮ್ಮ ಇಳಿದಳು. ಮಗ ಉಪವಾಸ ಹೋದನೆಂದು ಬೆಳಿಗ್ಗೆಯಿಂದ ಅವಳ ಬಾಯಿಗೂ ತುತ್ತು ಇಳಿದಿರಲಿಲ್ಲ.

"ಏನಾತೋ ಇದಕ್ಕ? ಯಾಕ ಹಿಂಗ ಮಲಗ್ಯಾನ?"

"ನಡ ಹಿಡದೈತಬೇ," ಎಂದ ಹುಲುಗಣ್ಣ. "ಕಾಲು ಮುಂದ ಮಾಡಿ ಹುಟ್ಟಿದಾಂವ ಬೇಕಂತ. ಎಲ್ಲೂ ಸಿಗವಲ್ಲ."

"ಸಿಗದೇನು? ಇವನಾ ಅದಾನಲ್ಲ!"

ಹುಣಸೇಕಟ್ಟೆಯ ಮಂದಿಯೆಲ್ಲ ಅವಳ ಕಡೆ ತಿರುಗಿದರು.

"ಇವನಾ ಕಾಲು ಮುಂದ ಮಾಡಿ ಬಂದಾಂವ," ಎಂದಳು ಉಚ್ಚಂಗೆಮ್ಮ, ಸಂತೆಯ ದರ ಹೇಳುವಷ್ಟು ಸಲೀಸಾಗಿ. "ಸೂಲಗಿತ್ತಿ ಎಡಗಾಲು ಹಿಡದು ಜಗ್ಗ್ಯಾಳ. ಆಕಿಗೆ ಆಣಿ ಹಾಕಿಸಿ ಬಾಯಿ ಮುಚ್ಚಿಸಿದ್ದೆ. ಗೊತ್ತಾಗಿದ್ರ ಹೊತ್ತು ಹುಟ್ಟೂದ್ರಾಗ ಮಂದಿ ಬಾಗಿಲಿಗೆ ಬಂದು ಬೆನ್ನು ಕೊಟ್ಟು ಮಲಗ್ತಿದ್ರು. ಓದೋ ಹುಡುಗ ಎಲ್ಲಿ ಓದ್ತಿದ್ದ?"

ಗಾದಿಲಿಂಗಪ್ಪನಿಗೇ ಇದು ಹೊಸ ಸುದ್ದಿ. ಅವನು ಮಲಗಿದಲ್ಲಿಂದಲೇ ತನ್ನ ಎಡಗಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿಕೊಂಡ.

ಈಗ ಹುಟ್ಟಿದ್ದು ಒಂದು ತರ್ಕದ ಪ್ರಶ್ನೆ: ಮದ್ದೇ ರೋಗಿಯಾದರೆ ಹೇಗೆ? ತನ್ನ ಸೊಂಟಕ್ಕೆ ತಾನೇ ಒದೆಯುವುದು ಸಾಧ್ಯವೇ? ಕಾಲನ್ನು ಹಿಂದಕ್ಕೆ ಮಡಚಿ ಹಿಮ್ಮಡಿಯಿಂದ ಹೊಡೆದರೆ ಆದೀತೆಂದ ಒಬ್ಬ. ನೆರಳಿನ ಸೊಂಟಕ್ಕೆ ಒದ್ದರೂ ನಡೆಯುತ್ತದೆಂದ ಇನ್ನೊಬ್ಬ. ನಡು ಮಧ್ಯಾಹ್ನದಲ್ಲಿ ನೆರಳು ಕಾಲ ಕೆಳಗೇ ಮುದುಡಿ ಕೂತಿತ್ತು; ಅದರ ಸೊಂಟ ಎಲ್ಲಿದೆ ಎಂಬ ಬಗ್ಗೆ ಒಮ್ಮತ ಮೂಡಲಿಲ್ಲ.

ಅಷ್ಟರಲ್ಲಿ ಮಲಗಿದ್ದಕ್ಕೋ, ಅವ್ವ ತಂದ ರೊಟ್ಟಿ ಹೊಟ್ಟೆಗೆ ಬಿದ್ದದ್ದಕ್ಕೋ ಗಾದಿಲಿಂಗಪ್ಪನ ಸೊಂಟದ ಬೀಗ ಸ್ವಲ್ಪ ಸಡಿಲಾಯಿತು. ಮರ ಹಿಡಿದು ಮೆಲ್ಲಗೆ ಎದ್ದು ನಿಂತ. ನಿಂತು ನೋಡುತ್ತಾನೆ, ಹುಣಸೇಕಟ್ಟೆಯ ಕಣ್ಣೆಲ್ಲ ಅವನ ಎಡಗಾಲಿನ ಮೇಲಿವೆ.

ಗೌಡರು ಗಂಟಲು ಸರಿಮಾಡಿಕೊಂಡರು. "ಯಾರ ಪೈಕಿಯಪ್ಪ ನೀವು?"

ಉಚ್ಚಂಗೆಮ್ಮ ತಮ್ಮ ಕೇರಿಯ ಹೆಸರು ಹೇಳಿದಳು. ತಗ್ಗಿದ ದನಿಯಲ್ಲೇನೂ ಹೇಳಲಿಲ್ಲ. "ನಿಮ್ಮೂರ ಮುಂದಿನ ರಸ್ತಾಕ್ಕ ಜಲ್ಲಿ ಹೊತ್ತೀನಿ ಗೌಡ್ರ. ಈ ಮನಿ ಜಗಲಿ ಮ್ಯಾಲ ನೆಳ್ಳಿಗೆ ಕುಂತಿದ್ದಕ್ಕ ನಿಮ್ಮಪ್ಪ ಎಬ್ಬಿಸಿದ್ರು."

ಗೌಡರು ಮರ ನೋಡಿದರು, ಮಂದಿ ನೋಡಿದರು. ಬಯಲಲ್ಲಿ ಒದೆಸಿಕೊಂಡರೆ ಊರೆಲ್ಲ ನೋಡುತ್ತದೆ. ಒಳಗೆ ಕರೆದರೆ ಒಳಗೆ ಕರೆದಂತಾಗುತ್ತದೆ. ಅವರು ಎರಡರ ನಡುವೆ ತೂಗುತ್ತಿದ್ದಾಗ ಅವರ ಸೊಂಟವೇ ಚುಳ್ಳೆಂದು ತೀರ್ಪು ಕೊಟ್ಟಿತು. ಹೋಗಿ ತಮ್ಮ ಮನೆಯ ಹೊಸ್ತಿಲ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಬೋರಲಾಗಿ ಮಲಗಿದರು. "ಜಗಲಿ ಹತ್ತಿ ಬಾರಪ್ಪ. ನಿಮ್ಮವ್ವನ್ನೂ ಕರಕೊಂಡು ಬಾ. ಲಗೂನ ಒದಿ."

"ಗೌಡ್ರ, ನನಗಾ ನೋವೈತ್ರಿ..."

"ಡಾಕ್ಟರಿಗೆ ಜ್ವರ ಬರಂಗಿಲ್ಲೇನು? ಹಂಗಂತ ಸೂಜಿ ಚುಚ್ಚೂದು ಬಿಡ್ತಾರೇನು? ಒದಿಯೋ ಮಾರಾಯ!"

ಗಾದಿಲಿಂಗಪ್ಪ ಪಾಲಾಕ್ಷಪ್ಪನವರ ಹೆಗಲು ಹಿಡಿದು, ಕಣ್ಣು ಮುಚ್ಚಿ, ಎಡಗಾಲೆತ್ತಿ ಒಮ್ಮೆ ತಟ್ಟಿದ. ಅವನ ಸೊಂಟದಲ್ಲಿ ಬೆಂಕಿ ಹೊತ್ತಿತು. ಗೌಡರ ಬಾಯಿಂದ ಮಾತ್ರ "ಆಹಾ" ಎಂಬ ಉದ್ಗಾರ ಬಂತು. ಎದ್ದರು, ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. "ಬಿಟ್ಟಿತಲೇ!" ಎಂದರು. ನಿಜಕ್ಕೂ ಬಿಟ್ಟಿತ್ತೋ, ಅಷ್ಟು ಮುಜುಗರಪಟ್ಟ ಮೇಲೆ ಬಿಟ್ಟಿಲ್ಲ ಎನ್ನುವುದು ನಷ್ಟವೆಂದು ಹೇಳಿದರೋ, ಈ ಬಗ್ಗೆ ಖಚಿತ ಮಾಹಿತಿ ಇಲ್ಲ.

ಹೇಳಿದ್ದಂತೂ ಸಾಕಾಯಿತು. ಹೊಲಗಳಿಂದ, ಕಣಗಳಿಂದ, ಹಿಂದಿನ ಓಣಿಯಿಂದ ಜನ ಬಂದರು. ಕೊಟ್ಟೂರಿಗೆ ಹೊರಟಿದ್ದ ಎತ್ತಿನ ಗಾಡಿಗಳು ನಿಂತವು. ಹುಣಸೆಮರದ ನೆರಳಿನಲ್ಲಿ ಶ್ಯಾವಿಗೆ ಒಣಹಾಕಿದ ಹಾಗೆ ಸಾಲಾಗಿ ಬೋರಲು ಮಲಗಿದರು. ಸಾಲು ಕೆಡದಂತೆ ಹುಲುಗಣ್ಣ ಭೋಂಗಾ ಕಸಿದುಕೊಂಡು ವ್ಯವಸ್ಥೆಗೆ ನಿಂತ. ಕಾಲು ಎಲ್ಲಿ ಬೀಳಬೇಕೆಂದು ತಿಳಿಯಬೇಕಲ್ಲ! ಆದ್ದರಿಂದ ಪ್ರತಿಯೊಬ್ಬರೂ ಎಲ್ಲಿ ನೋವು, ಯಾವಾಗಿನಿಂದ ಎಂದು ಹೇಳಬೇಕು, ಅವನು ಸಾರಬೇಕು.

"ಪಕ್ಕೀರಪ್ಪಜ್ಜ! ಬಲ ರಟ್ಟಿ! ಬಾವಿ ತೋಡಿದಾಗಿಂದ! ಮುಂದಿನವರು!"

"ಗುರುಬಸಮ್ಮ! ಟೊಂಕ! ಸಣ್ಣ ಮಗ ಹುಟ್ಟಿದಾಗಿಂದ! ಕುಂದ್ರಾಕ ಆಗಂಗಿಲ್ಲ, ಏಳಾಕ ಆಗಂಗಿಲ್ಲ!"

ಸಾಲಿನ ಆಚೆ ತುದಿಯಲ್ಲಿ ಮಲಗಿದ್ದ ಗುರುಬಸಮ್ಮನ ಗಂಡ ಕತ್ತೆತ್ತಿದ. "ಏಯ್, ನಿನಗೆಂದು ಬಂತು ನೋವು? ನನಗ ಹೇಳೇ ಇಲ್ಲ!"

"ನೀವು ಕೇಳಿದ್ರಲ್ಲ ಹೇಳಾಕ!" ಎಂದಳು ಗುರುಬಸಮ್ಮ ನೆಲಕ್ಕೆ ಮುಖವಿಟ್ಟೇ.

ಅವನು ಎದ್ದು ಬಂದು ಹೆಂಡತಿಯ ಪಕ್ಕದಲ್ಲಿ ಕೂತ. ಮುಂದೇನು ಮಾಡಬೇಕೋ ತಿಳಿಯದೆ ಟವೆಲಿನಿಂದ ಅವಳಿಗೆ ಗಾಳಿ ಬೀಸತೊಡಗಿದ.

ಗಾದಿಲಿಂಗಪ್ಪ ಒದೆಯುತ್ತ ಹೋದ. ಒದೆ ಎನ್ನುವುದು ಹೆಸರಿಗೆ ಮಾತ್ರ. ಬಚ್ಚಲ ನೀರು ಬಿಸಿಯಾಗಿದೆಯೋ ಎಂದು ಮುಟ್ಟಿ ನೋಡುವಷ್ಟು ಮೆಲ್ಲಗೆ ಪಾದ ಇಡುತ್ತಿದ್ದ. ಒಂದೊಂದು ಸಲ ಕಾಲೆತ್ತಿದಾಗಲೂ ಅವನ ಜೀವ ಬಾಯಿಗೆ ಬರುತ್ತಿತ್ತು. ಆದರೆ ಎಲ್ಲಿ ನೋಯುತ್ತದೆಂದು ಅವರು ಹೇಳುತ್ತಿದ್ದಂತೆ ಅವನಿಗೆ ಆ ಜಾಗ ತಾನು ಹುಟ್ಟಿ ಬೆಳೆದ ಓಣಿಯಷ್ಟು ಪರಿಚಿತ ಅನಿಸುತ್ತಿತ್ತು. "ಮುಂಜಾನಿ ಏಳೂವಾಗ ಹೆಚ್ಚಾಕ್ಕತೇನು?" ಎಂದು ಕೇಳುತ್ತಿದ್ದ. "ಹೌದೋ ಯಪ್ಪಾ, ನಿನಗ ಹೆಂಗ ಗೊತ್ತಾತು?" ಎಂದು ಅವರು ಬೆರಗಾಗುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವನಿಗೆ ಅದೂ ಗೊತ್ತಾಗುತ್ತದೆಂದು ಸುದ್ದಿ ಹಬ್ಬಿತು.

ಸೈಕಲ್ ಸವಾರನಿಗಾಗಿ ಕೊಟ್ಟೂರಿನಲ್ಲಿ ಹಾರ ಹಿಡಿದು ಕಾದು ಬೇಸತ್ತ ಸಾಹೇಬರು ಡಾಕ್ಟರಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹುಡುಕುತ್ತ ಬಂದರು. ಕಂಡ ದೃಶ್ಯಕ್ಕೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಏನ್ರೀ ಇದು ಗಾದಿಲಿಂಗಪ್ಪ! ಅಂಗವಿಕಲರ ವರ್ಷದಲ್ಲಿ ಜನರನ್ನ ಸಾಲಾಗಿ ಮಲಗಿಸಿ ಒದೀತಿದ್ದೀರಾ? ಸರ್ಕಾರಕ್ಕೆ ಏನಂತ ವರದಿ ಕಳಿಸಲಿ ನಾನು?"

ತಿರುಗಿ ನೋಡಿದರೆ ಜೀಪಿನ ಡ್ರೈವರು ಆಗಲೇ ಸಾಲಿನಲ್ಲಿ ಮಲಗಿದ್ದ.

ಡಾಕ್ಟರಮ್ಮ ಕಟ್ಟೆಯ ಮೇಲೆ ಕೂತರು. ಹುಲುಗಣ್ಣ ಸಾರಿದ್ದನ್ನು ಕೇಳಿದರು. ಗುರುಬಸಮ್ಮನನ್ನೂ ಗಾಳಿ ಬೀಸುತ್ತಿದ್ದ ಗಂಡನನ್ನೂ ಮಾತಾಡಿಸಿದರು. ಆಮೇಲೆ ಸಾಹೇಬರಿಗೆ ಹೇಳಿದರು: "ಸಾರ್, ಇವರಲ್ಲಿ ಒಬ್ಬರೂ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಮನೆಯಲ್ಲೂ ಬಾಯಿ ಬಿಟ್ಟಿಲ್ಲ. ಇವತ್ತು ಭೋಂಗಾದಲ್ಲಿ ಹೇಳಿಸಿಕೊಳ್ತಿದ್ದಾರೆ. ಇನ್ನೂ ಸ್ವಲ್ಪ ಹೊತ್ತು ಒದೀಲಿ ಬಿಡಿ."

ಹೊತ್ತು ಪಡುವಣಕ್ಕೆ ಇಳಿಯಿತು. ಸಾಲು ಕರಗಿತು. ಡಬ್ಬಿಯೂ ತಕ್ಕಮಟ್ಟಿಗೆ ಭಾರವಾಗಿತ್ತು. ಗಾದಿಲಿಂಗಪ್ಪ ಮರಕ್ಕೆ ಆತು, ಇನ್ನು ಮುಗಿಯಿತು ಎಂದುಕೊಂಡು ಹಣೆ ಒರೆಸಿಕೊಂಡ. ಕಣ್ಣು ತೆರೆದರೆ ಮುಂದೆ ಇನ್ನೊಬ್ಬರು ಬೋರಲಾಗಿ ಮಲಗಿದ್ದರು. ಮಾಸಿದ ಇಳಕಲ್ ಸೀರೆ. ಬೆಳ್ಳಗಿನ ಸಣ್ಣ ತುರುಬು.

"ಯವ್ವಾ! ನೀ ಯಾಕ ಮಲಗೀದಿ?"

"ಎಲ್ಲಾರಿಗೂ ಒದ್ದಿ. ನನಗೂ ಒಂದು ಒದಿ."

"ನಿನಗೇನಾಗೈತಿ?"

"ನಡ ನೋಯ್ತತಿ," ಎಂದಳು ಉಚ್ಚಂಗೆಮ್ಮ.

ಹುಲುಗಣ್ಣ ರೂಢಿಯಂತೆ ಭೋಂಗಾ ಎತ್ತಿದವನು ಗಾದಿಲಿಂಗಪ್ಪನ ಮುಖ ನೋಡಿ ಕೆಳಗಿಳಿಸಿದ.

"ಯಾವಾಗಿಂದ?" ಎಂದು ಗಾದಿಲಿಂಗಪ್ಪನೇ ಕೇಳಿದ.

"ನಿನ್ನ ಹಡದಾಗಿಂದ. ಕಾಲು ಮುಂದ ಮಾಡಿ ಬಂದೆಲ್ಲಪ್ಪ. ಆವಾಗ ಹಿಡದದ್ದು, ಬಿಟ್ಟಿಲ್ಲ."

ಗಾದಿಲಿಂಗಪ್ಪ ಅವಳ ಪಕ್ಕದಲ್ಲಿ ಕುಕ್ಕರಿಸಿದ. ಕೂರುವಾಗ ಆದ ನೋವು ಅವನ ಗಮನಕ್ಕೇ ಬರಲಿಲ್ಲ. ಈ ನಡದ ಮೇಲೆ ಅವಳು ಜಲ್ಲಿ ಹೊತ್ತಿದ್ದಳು. ಈ ರಸ್ತೆಯ ಉದ್ದಕ್ಕೂ.

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲಲ್ಲಬೇ."

"ಏನಂತ ಹೇಳ್ಲಿ? ಎಲ್ಲಾರ ನಡಾನೂ ಹಿಂಗಾ ಇರ್ತತಿ ಅನ್ಕೊಂಡಿದ್ದೆ. ಉಸುರು ಆಡ್ತತಿ ಅಂತ ಯಾರರ ಹೇಳ್ತಾರೇನು? ಇವತ್ತು ಈ ಮಂದಿ ಒಬ್ಬೊಬ್ಬರಾ ಹೇಳೂದು ಕೇಳಿ, ಓಹೋ, ಇದಕ್ಕಾ ನೋವು ಅಂತಾರ ಅಂತ ಗೊತ್ತಾತು." ಅವಳು ಮಗ್ಗುಲಾಗಿ ಮುಖ ತಿರುಗಿಸಿದಳು. "ಒದಿಯೋ. ಹೊತ್ತಾತು, ಬಸ್ಸು ಬರ್ತತಿ."

"ಹಡದಾಕಿಗೆ ಕಾಲು ಹೆಂಗ ತಾಗಿಸ್ಲಿ ಯವ್ವಾ?"

"ಹೊಟ್ಯಾಗಿದ್ದಾಗ ಒಂಬತ್ತು ತಿಂಗಳು ಒದ್ದೀದಿ. ಈಗ ಯಾಕ ನಾಚಿಗಿ?"

ಪಾಲಾಕ್ಷಪ್ಪನವರು ಮುಖ ಆಚೆ ತಿರುಗಿಸಿ, ಕಣ್ಣಿಗೆ ಧೂಳು ಬಿತ್ತೆಂದು ಯಾರೂ ಕೇಳದಿದ್ದರೂ ಹೇಳಿದರು.

ಗಾದಿಲಿಂಗಪ್ಪ ಅವರ ಹೆಗಲು ಹಿಡಿದು ಎದ್ದ. ಅಂಗಾಲನ್ನು ಪಂಚೆಯಿಂದ ಒರೆಸಿಕೊಂಡ. ಅವ್ವನ ನಡುವಿನ ಮೇಲೆ ಪಾದವನ್ನು ಇಟ್ಟನೋ ಇಲ್ಲವೋ ಎಂಬಷ್ಟು ಹಗುರಾಗಿ ಇಟ್ಟ.

"ಹ್ಞಾ... ಅಲ್ಲೇ," ಎಂದಳು ಉಚ್ಚಂಗೆಮ್ಮ. ಅವಳ ಕಣ್ಣು ತಾವಾಗಿ ಮುಚ್ಚಿದವು. ಅಷ್ಟು ನಿರಾಳವಾದ ಮುಖವನ್ನು ಅವನು ಅವಳಲ್ಲಿ ಕಂಡಿರಲಿಲ್ಲ.

ಕೇಳುವುದಾದರೆ ಇದೇ ಹೊತ್ತು ಎನಿಸಿತು ಅವನಿಗೆ. ಡಾಕ್ಟರಮ್ಮ ಇದ್ದಾರೆ, ಸಾಹೇಬರಿದ್ದಾರೆ, ಅವ್ವನಿಗೂ ನೋವೆಂದರೇನೆಂದು ತಿಳಿದಿದೆ. ಬೆಳಗಿನಿಂದ, ಎರಡು ವರ್ಷದಿಂದ, ಕಾದಿದ್ದ ಮಾತು ಇನ್ನೇನು ಅವಳ ಬಾಯಿಂದ ಬರುವುದರಲ್ಲಿದೆ.

"ಯವ್ವಾ, ಈಗರ ನಂಬ್ತಿಯಾ? ನನಗೂ ಹಿಂಗಾ ನೋವೈತಿ ಅಂತ?"

ಉಚ್ಚಂಗೆಮ್ಮ ಒಂದು ಕಣ್ಣು ತೆರೆದು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನಗೆಲ್ಲಿ ನೋವೋ ಗಾದಿ? ಕೂಡ್ಲಿಗಿಯಿಂದ ಸೈಕಲ್ ಹೊಡದು, ಹೊತ್ತು ಮುಳುಗೂತನ ಒಂಟಿಗಾಲ ಮ್ಯಾಲ ನಿಂತು ಊರಿಗೆ ಊರನ್ನಾ ಒದ್ದಾಂವ!"

"ಖರೇ ಐತಿ ನೋಡ್ರಿ," ಎಂದರು ಗೌಡರು ಜಗಲಿಯಿಂದ. ಹುಣಸೇಕಟ್ಟೆಯೆಲ್ಲ ತಲೆದೂಗಿತು.

"ಬಾಯಿ ಆಮ್ಯಾಲ ಮಾಡುವಂತಿ. ಒಂದೀಟು ಕೆಳಗ, ಎಡಕ್ಕ ಒದಿ," ಎಂದು ಉಚ್ಚಂಗೆಮ್ಮ ಕಣ್ಣು ಮುಚ್ಚಿದಳು.

ಗಾದಿಲಿಂಗಪ್ಪ ಹಲ್ಲು ಕಚ್ಚಿ, ನೋವು ಮುಖಕ್ಕೆ ಬಾರದಂತೆ ನುಂಗಿಕೊಂಡು, ಮತ್ತೆ ಕಾಲೆತ್ತಿದ.